ಒಂದು ಚಿಟಿಕೆ ನಶ್ಯ

ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ಅಷ್ಟೂ ವರ್ಷ ನಶ್ಯ ಏರಿಸಿದವನು. ಹಳಗನ್ನಡದ ಕಠಿನವಾದ ಪದ್ಯವೊಂದು ಎದುರಾದಾಗ ಜೇಬಿನಿಂದ ಡಬ್ಬಿ ತೆಗೆದು, ಎರಡು ಬೆರಳುಗಳ ನಡುವೆ ಚಿಟಿಕೆ ಹಿಡಿದು ಸೇದಿದರೆ ಅನ್ವಯ ತಾನಾಗಿಯೇ ಬಿಡಿಸಿಕೊಳ್ಳುವುದೆಂದು ನಂಬಿದ್ದೆ. ನನ್ನ ಗುರುಗಳಿಂದ ವಿದ್ಯೆಯೊಡನೆ ಬಂದ ಬಳುವಳಿ ಅದು.

ಹೊಗೆಸೊಪ್ಪು ನಮ್ಮ ನೆಲದ ಬೆಳೆಯಲ್ಲ. ಅಮೆರಿಕ ಖಂಡದಿಂದ ಅದನ್ನು ನಮ್ಮ ದೇಶಕ್ಕೆ ತಂದವರು ಪೋರ್ಚುಗೀಸರು. ಹದಿನೇಳನೆಯ ಶತಮಾನದ ಆರಂಭದಲ್ಲಿ ಅಕ್ಬರನ ದೂತನಾದ ಅಸದ್ ಬೇಗನು ಅದನ್ನು ನಮ್ಮ ವಿಜಾಪುರದಲ್ಲಿ ಕಂಡು, ಬಾದಶಹನಿಗೆ ಕಾಣಿಕೆಯಾಗಿ ಒಯ್ದನು. ಆಸ್ಥಾನದ ವೈದ್ಯನು ಆಗಲೇ ಬೇಡವೆಂದಿದ್ದನಂತೆ. ಅದರ ಸಾರವಾದ ನಿಕೋಟಿನ್ನಿಗೆ ಆ ಹೆಸರು ಬಂದದ್ದು, 1560ರ ಸುಮಾರಿಗೆ ಫ್ರಾನ್ಸಿನ ಅರಮನೆಗೆ ಹೊಗೆಸೊಪ್ಪನ್ನು ಕಳುಹಿಸಿದ ರಾಯಭಾರಿ ಝಾನ್ ನಿಕೋ ಎಂಬಾತನಿಂದ. 1828ರಲ್ಲಿ ಜರ್ಮನಿಯ ಇಬ್ಬರು ವಿಜ್ಞಾನಿಗಳು ಅದನ್ನು ಎಲೆಯಿಂದ ಬೇರ್ಪಡಿಸಿದರು.

ನಿಕೋಟಿನ್ ಮಿದುಳನ್ನು ಸೇರಿ ಕ್ಷಣಕಾಲ ಉತ್ಸಾಹವನ್ನು ಕೊಡುತ್ತದೆ. ಜೊತೆಗೇ ಎದೆಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ, ಮನಸ್ಸು ಚಡಪಡಿಸತೊಡಗುತ್ತದೆ. ಮುಂದಿನ ಚಿಟಿಕೆ ಆ ಚಡಪಡಿಕೆಯನ್ನು ಕಳೆಯುತ್ತದೆ. ಮುಳ್ಳು ಚುಚ್ಚಿದವನೇ ಅದನ್ನು ಕಿತ್ತರೆ ಅವನಿಗೆ ಕೈಮುಗಿಯುವಂತಾಯಿತು ನಮ್ಮ ಪಾಡು. ಹೊಗೆಯಿಲ್ಲವಾದ್ದರಿಂದ ಹಾನಿಯಿಲ್ಲ ಎಂಬುದು ನನ್ನ ವಾದವಾಗಿತ್ತು. ಆದರೆ ಕ್ಯಾನ್ಸರ್ ತರುವ ನೈಟ್ರೋಸಮೀನುಗಳು ಬೀಡಿ ಸಿಗರೇಟಿನಲ್ಲಷ್ಟೇ ಅಲ್ಲ, ನಶ್ಯದಲ್ಲಿಯೂ ಎಲೆಯಡಿಕೆಯ ಜೊತೆ ಜಗಿಯುವ ಹೊಗೆಸೊಪ್ಪಿನಲ್ಲಿಯೂ ಇವೆ.

ಇದೆಲ್ಲವನ್ನೂ ಓದಿ ಬಲ್ಲೆ, ಬಿಡಲಿಲ್ಲ. ನಿವೃತ್ತನಾದ ಮೇಲೊಮ್ಮೆ ಹಳೆಯ ಶಿಷ್ಯರೊಬ್ಬರು ಮನೆಗೆ ಬಂದರು. ಈಗ ಅವರೂ ಅಧ್ಯಾಪಕರು. ಮಾತಿನ ನಡುವೆ ಜೇಬಿನಿಂದ ಡಬ್ಬಿ ತೆಗೆದರು. ಕತ್ತು ಓರೆಮಾಡಿದ ರೀತಿ ನನ್ನದೇ. "ತಮ್ಮಿಂದಲೇ ಕಲಿತದ್ದು ಸರ್" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವರಿಗೆ ನಾನು ಕಲಿಸಿದ ಪದ್ಯಗಳಲ್ಲಿ ಎಷ್ಟು ಉಳಿದಿವೆಯೋ ಕಾಣೆ, ಇದು ಉಳಿದಿತ್ತು.

ಅಂದೇ ನನ್ನ ಡಬ್ಬಿಯನ್ನು ಹಿತ್ತಲಲ್ಲಿ ಸುರುವಿದೆ. ಮೊದಲ ವಾರ ಒಂದು ಪುಟವನ್ನೂ ಓದಲಾಗಲಿಲ್ಲ. ಮನೆಯವರ ಮೇಲೆ ವಿನಾಕಾರಣ ರೇಗಿದೆ. ತಿಂಗಳು ಕಳೆಯುವ ಹೊತ್ತಿಗೆ ಹಂಬಲ ತಗ್ಗಿತು. ಒಂದು ಮುಂಜಾನೆ ಪಂಪನನ್ನು ತೆರೆದು ಕುಳಿತೆ. ಬಹುಕಾಲ ಕಾಡಿದ್ದ ಪದ್ಯವೊಂದು ಚಿಟಿಕೆಯ ಹಂಗಿಲ್ಲದೆಯೇ ಬಿಡಿಸಿಕೊಂಡಿತು.

ಆ ಶಿಷ್ಯರಿಗೆ ಇದನ್ನೆಲ್ಲ ಬರೆದು ಕಾಗದ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಈ ಭಾಷಣವನ್ನು ಅವರು ಕೇಳುತ್ತಿದ್ದರೆ, ಇದು ನನ್ನ ಎರಡನೆಯ ಕಾಗದವೆಂದು ತಿಳಿಯಲಿ.