ಹೊಲದಲ್ಲಿ ಓದಿದ ವೈದ್ಯ

(ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಹಗಲೆಲ್ಲ ದುಡಿದು ದಣಿದು ಬಂದವರ ಮುಂದೆ ದೀರ್ಘ ಭಾಷಣ ಮಾಡುವುದು ತರವಲ್ಲ. ಆದ್ದರಿಂದ ನಾವು ಒಬ್ಬನೇ ಒಬ್ಬ ಮನುಷ್ಯನ ಕಥೆ ಹೇಳಿ ಕುಳಿತುಕೊಳ್ಳುತ್ತೇವೆ. ಇಲ್ಲಿಗೆ ಬರುವ ಮಿತ್ರರಲ್ಲಿ ಕೆಲವರು ಪತ್ರಿಕೆಯ ಮೇಲೆ ಕಣ್ಣಾಡಿಸಿ, ಪುಸ್ತಕದ ಕಪಾಟಿನ ಕಡೆಗೆ ನೋಡಿ, “ಓದುವ ವಯಸ್ಸು ಹೋಯಿತು ಸ್ವಾಮಿ, ಇನ್ನೇನು ಓದುವುದು?” ಎಂದು ಹೊರಟುಬಿಡುತ್ತಾರೆ. ಅವರಿಗೆ ಉತ್ತರ ಕೊಡಬಲ್ಲವನೊಬ್ಬ ಸುಮಾರು ೧೭೫೦ ವರ್ಷಗಳ ಹಿಂದೆ ಚೀನಾ ದೇಶದಲ್ಲಿದ್ದ. ಆತನ ಹೆಸರು ಹ್ವಾಂಗ್‌ಫು ಮೀ.

ಕ್ರಿ. ಶ. ೨೧೫ರಲ್ಲಿ, ಹಾನ್ ರಾಜವಂಶ ಕುಸಿಯುತ್ತಿದ್ದ ಕಾಲದಲ್ಲಿ, ಚೀನಾದ ವಾಯವ್ಯ ಸೀಮೆಯಲ್ಲಿ ಆತ ಹುಟ್ಟಿದ. ಮುತ್ತಜ್ಜ ಹ್ವಾಂಗ್‌ಫು ಸೋಂಗ್ ಹೆಸರಾಂತ ಸೇನಾಪತಿ. ಆದರೆ ಈತನ ಕಾಲಕ್ಕೆ ಮನೆಯಲ್ಲಿ ಉಳಿದದ್ದು ಆ ಹೆಸರೊಂದೇ. ಚಿಕ್ಕಪ್ಪನಿಗೆ ದತ್ತುಹೋದ ಹುಡುಗ ಹುಟ್ಟಿದ ನಾಡು ಬಿಟ್ಟು, ಪೂರ್ವದಲ್ಲಿ ಲುವೋಯಾಂಗ್ ನಗರದ ಹತ್ತಿರದ ಶಿನ್‌ಆನ್ ಎಂಬಲ್ಲಿಗೆ ಬಂದು ಸೇರಿದ. ನಮ್ಮ ಹಾಗೆ ಆತನೂ ಪರಸ್ಥಳದವನೇ.

ಇಪ್ಪತ್ತು ವರ್ಷವಾದರೂ ಆತನಿಗೆ ಓದಿನ ಕಡೆ ಮನಸ್ಸಿಲ್ಲ. ಗೊತ್ತುಗುರಿಯಿಲ್ಲದೆ ಅಲೆಯುವುದೇ ಕೆಲಸ. ಊರವರು ಇವನು ದಡ್ಡನೇ ಸರಿ ಎಂದುಕೊಂಡಿದ್ದರು. ಒಂದು ದಿನ ಎಲ್ಲಿಂದಲೋ ಒಳ್ಳೆಯ ಹಣ್ಣುಹಂಪಲು ಸಿಕ್ಕಿತು. ತಾನು ತಿನ್ನದೆ ಮನೆಗೆ ತಂದು, ಸಾಕುತಾಯಿಯಾದ ಚಿಕ್ಕಮ್ಮನ ಮುಂದಿಟ್ಟ. ಆಕೆ ಹಿಗ್ಗಲಿಲ್ಲ. ಪಿತೃಭಕ್ತಿಯನ್ನು ಕುರಿತ ಹಳೆಯ ಗ್ರಂಥವನ್ನು ನೆನಪಿಸಿ, ಹೆತ್ತವರಿಗೆ ದಿನವೂ ಮೃಷ್ಟಾನ್ನವಿಟ್ಟ ಮಾತ್ರಕ್ಕೆ ಮಗನ ಧರ್ಮ ಮುಗಿಯಲಿಲ್ಲವೆಂದಳು. ನೀನು ಹೀಗಾಗಲು ನಾನು ಆರಿಸಿದ ನೆರೆಹೊರೆಯೇ ಕೆಟ್ಟದ್ದಾಯಿತೇ, ನನ್ನ ಸಾಕಣೆಯೇ ತಪ್ಪಿತೇ ಎಂದು ಕೇಳಿದಳು. ನೀನು ಕಲಿತರೆ ಲಾಭ ನಿನಗೇ ಹೊರತು ನನಗೇನು ಬರುತ್ತದೆ ಎಂದು ಕಣ್ಣೀರಿಟ್ಟಳು.

ಆ ಕಣ್ಣೀರು ನಾಟಿತು. ಅದೇ ಊರಿನ ಶೀ ತಾನ್ ಎಂಬ ಗುರುವಿನ ಬಳಿ ಆತ ಪಾಠಕ್ಕೆ ಕುಳಿತ. ಮನೆಯಲ್ಲಿ ಬಡತನ, ಕೆಲಸ ಬಿಟ್ಟು ಓದುವಂತಿರಲಿಲ್ಲ. ಹೊಲಕ್ಕೆ ಹೋಗುವಾಗ ಗ್ರಂಥವನ್ನೂ ಹೊತ್ತೊಯ್ದು, ಕೆಲಸದ ನಡುವೆಯೇ ಓದಿದನೆಂದು ಚೀನೀಯರ ಇತಿಹಾಸ ಹೇಳುತ್ತದೆ. ಬರಬರುತ್ತ ಊಟ ನಿದ್ದೆಗಳ ಪರಿವೆಯೇ ಇಲ್ಲದಾಯಿತು. ಜನ ಆತನಿಗೆ ‘ಪುಸ್ತಕದ ಹುಚ್ಚ’ ಎಂಬ ಅರ್ಥದ ಅಡ್ಡಹೆಸರಿಟ್ಟರು. ಹಿಂದೆ ದಡ್ಡನೆಂದವರೇ ಈಗ ಹುಚ್ಚನೆಂದರು. ಊರ ಬಾಯಿಗೆ ಬೀಗವುಂಟೇ!

ನಲವತ್ತು ದಾಟಿದ ಮೇಲೆ ದೊಡ್ಡ ಕಷ್ಟ ಬಂತು. ವಾತ ಬಡಿದು ಅರ್ಧ ಮೈ ಜಡವಾಯಿತು, ಬಲಗಾಲು ಸಣ್ಣಗಾಯಿತು, ಕೆಲವು ಕಾಲ ಕಿವಿಯೂ ಕೇಳಿಸಲಿಲ್ಲ. ಆ ಕಾಲದ ದೊಡ್ಡ ಮನುಷ್ಯರಲ್ಲಿ ಕೆಲವು ಖನಿಜಗಳನ್ನು ಅರೆದು ಮಾಡಿದ ಒಂದು ಪುಡಿಯನ್ನು ಸೇವಿಸುವ ಶೋಕಿ ಹಬ್ಬಿತ್ತು. ಪಂಡಿತನಾದ ಈತನೂ ಅದನ್ನು ಸೇವಿಸಿದ. ಅದು ಮೈಗೆ ಒಗ್ಗದೆ ಪಟ್ಟ ಯಾತನೆ ಎಷ್ಟೆಂದರೆ, ಒಮ್ಮೆ ಜೀವವನ್ನೇ ಕಳೆದುಕೊಳ್ಳಲು ಹೊರಟ. ಆಗಲೂ ಬುದ್ಧಿ ಹೇಳಿ ತಡೆದವಳು ಆ ಚಿಕ್ಕಮ್ಮನೇ. ಆ ಪುಡಿಯ ಕೇಡನ್ನು ಮುಂದೆ ಆತನೇ ಬರೆದು ಜನರನ್ನು ಎಚ್ಚರಿಸಿದ. ನಾಲ್ಕು ಜನ ಹೊಗಳಿದರೆಂದು ಔಷಧ ನುಂಗುವವರು ಇಂದಿಗೂ ಉಂಟಷ್ಟೆ.

ರೋಗಿಯಾದವನು ವೈದ್ಯನಾದದ್ದು ಹೀಗೆ. ತನಗೆ ಸಿಕ್ಕ ಚಿಕಿತ್ಸೆಗಳೆಲ್ಲ ಮೇಲುಮೇಲಿನವೆಂದು ಕಂಡು ಹಳೆಯ ವೈದ್ಯಗ್ರಂಥಗಳನ್ನು ಹಿಡಿದ. ಸೂಜಿ ಚುಚ್ಚಿ ಮಾಡುವ ಚಿಕಿತ್ಸೆ, ಮಾಚಿಪತ್ರೆಯ ಜಾತಿಯ ಮೂಲಿಕೆಯನ್ನು ಉರಿಸಿ ಶಾಖ ಕೊಡುವ ಚಿಕಿತ್ಸೆ, ಇವೆರಡರ ವಿಷಯ ಮೂರು ಗ್ರಂಥಗಳಲ್ಲಿ ಚದುರಿತ್ತು. ಒಂದರಲ್ಲಿದ್ದುದೇ ಇನ್ನೊಂದರಲ್ಲಿ, ಒಂದಕ್ಕೊಂದು ತಾಳೆಯಿಲ್ಲದ್ದೂ ಉಂಟು. ಆತ ಮೂರನ್ನೂ ಮುಂದಿಟ್ಟುಕೊಂಡು, ಎರಡೆರಡು ಸಲ ಬಂದುದನ್ನು ತೆಗೆದು, ವಿಷಯವಾರು ಜೋಡಿಸಿದ. ‘ಝೆನ್‌ಜಿಯು ಜಿಯಾಯಿ ಜಿಂಗ್’ ಎಂಬ ಆ ಗ್ರಂಥದಲ್ಲಿ ೧೨ ಸಂಪುಟ, ೧೨೮ ಅಧ್ಯಾಯ. ತಲೆ, ಮುಖ, ಬೆನ್ನು, ಎದೆ, ಕೈಕಾಲು ಎಂದು ವಿಂಗಡಿಸಿ ದೇಹದ ೩೪೯ ಸ್ಥಾನಗಳ ಹೆಸರು ಕೊಟ್ಟ. ಎಲ್ಲಿ ಸೂಜಿ ಎಷ್ಟು ಆಳ ಹೋಗಬೇಕು, ಎಷ್ಟು ಹೊತ್ತು ಇರಬೇಕು ಎಂಬುದನ್ನೂ ಬರೆದ. ಕಚೇರಿಯ ಬಂಧುಗಳೇ, ಇದು ನಮ್ಮ ಗುಮಾಸ್ತರ ಕೆಲಸದ ಜಾತಿಯದೇ. ಚೆಲ್ಲಾಪಿಲ್ಲಿಯಾದ ಕಡತಗಳನ್ನು ಮುಂದಿನವನ ಕೈಗೆ ಸಿಗುವಂತೆ ಇಡುವ ಕೆಲಸ! ಅದನ್ನು ನಾವೇ ಹಗುರವಾಗಿ ಕಾಣುತ್ತೇವೆ. ಆ ಕೆಲಸವೇ ಆತನ ಹೆಸರನ್ನು ಉಳಿಸಿತು. ಎಂಟನೆಯ ಶತಮಾನದ ಹೊತ್ತಿಗೆ ಜಪಾನಿನಲ್ಲಿಯೂ ವೈದ್ಯ ವಿದ್ಯಾರ್ಥಿಗಳಿಗೆ ಅದು ಪಠ್ಯವಾಯಿತು. ಸೂಜಿಚಿಕಿತ್ಸೆ ಯಾವ ರೋಗಕ್ಕೆ ಎಷ್ಟು ಉಪಯೋಗವೆಂಬ ಚರ್ಚೆ ವೈದ್ಯರಲ್ಲಿ ಇಂದಿಗೂ ನಡೆದಿದೆ, ಅದು ಅವರಿಗಿರಲಿ. ನಾವು ಹೇಳುತ್ತಿರುವುದು ಆ ಮನುಷ್ಯನ ಶ್ರಮದ ಮಾತು.

ಜಿನ್ ವಂಶದ ವೂ ಚಕ್ರವರ್ತಿ ಆತನನ್ನು ಮತ್ತೆ ಮತ್ತೆ ಆಸ್ಥಾನಕ್ಕೆ ಕರೆದ. ಆತ ಕಾಯಿಲೆಯ ಕಾರಣ ಹೇಳಿ ನೌಕರಿ ಬೇಡವೆಂದ. ಬೇಡಿದ್ದು ಒಂದೇ: ಓದಲು ಪುಸ್ತಕಗಳ ಎರವಲು. ಚಕ್ರವರ್ತಿ ಒಂದು ಗಾಡಿ ತುಂಬ ಪುಸ್ತಕ ಕಳಿಸಿಕೊಟ್ಟ. ನಮ್ಮ ವಾಚನಾಲಯದ ನಿಯಮದಲ್ಲಿ ಅಷ್ಟಕ್ಕೆ ಅವಕಾಶವಿಲ್ಲ. ಆದರೆ ಒಂದು ಮುಗಿಸಿ ಇನ್ನೊಂದು ಒಯ್ದರೆ ಬೇಡವೆನ್ನುವವರಿಲ್ಲ.

ಇನ್ನೊಂದು ಪ್ರಸಂಗ. ಲಿಯಾಂಗ್ ಲಿಯು ಎಂಬ ನೆಂಟನಿಗೆ ಪ್ರಾಂತಾಧಿಕಾರಿಯ ಹುದ್ದೆ ಬಂತು. ಬೀಳ್ಕೊಡುಗೆಯ ಔತಣ ಮಾಡೆಂದು ಜನ ಹ್ವಾಂಗ್‌ಫು ಮೀಗೆ ಹೇಳಿದರು. ಆತ ಒಪ್ಪಲಿಲ್ಲ. ಸಾಮಾನ್ಯನಾಗಿ ಬಂದಾಗ ಉಪ್ಪಿನಕಾಯಿ ಊಟ ಹಾಕಿದವನು ಈಗ ಮಾಂಸ ಮದ್ಯ ಬಡಿಸಿದರೆ, ಆ ಮರ್ಯಾದೆ ಹುದ್ದೆಗೆ ಹೊರತು ಮನುಷ್ಯನಿಗಲ್ಲವೆಂಬುದು ಆತನ ಮತ. ಸಾಹೇಬರು ಬಂದರೆಂದು ಎದ್ದು ನಿಲ್ಲುವ ನಾವು ಇದನ್ನು ಸ್ವಲ್ಪ ಯೋಚಿಸಬೇಕು.

೨೮೨ರಲ್ಲಿ ಆತ ತೀರಿಕೊಂಡ. ತನ್ನ ಅಂತ್ಯಕ್ರಿಯೆ ಹೇಗಿರಬೇಕೆಂದು ಮೊದಲೇ ಬರೆದಿಟ್ಟಿದ್ದ. ಸಿಂಗಾರ ಬೇಡ, ಒಡವೆ ವಸ್ತು ಬೇಡ. ಒರಟು ಚಾಪೆಯಲ್ಲಿ ಸುತ್ತಿ ಮಣ್ಣು ಮಾಡಿರಿ. ಜೊತೆಗೆ ಒಂದೇ ಒಂದು ಪುಸ್ತಕವನ್ನಿಡಿರಿ ಎಂದಿದ್ದ. ಅದು ಪಿತೃಭಕ್ತಿಯನ್ನು ಕುರಿತ ಆ ಗ್ರಂಥ. ಇಪ್ಪತ್ತರ ವಯಸ್ಸಿನಲ್ಲಿ ಹಣ್ಣು ತಂದು ಎದುರಿಗೆ ನಿಂತವನಿಗೆ ಚಿಕ್ಕಮ್ಮ ನೆನಪಿಸಿದ್ದೂ ಅದನ್ನೇ.

ಬಂಧುಗಳೇ, ನಮ್ಮಲ್ಲಿ ಹಲವರ ತಾಯಂದಿರು ದೂರದ ಊರಿನಲ್ಲಿದ್ದಾರೆ. ತಿಂಗಳು ತಿಂಗಳು ಅವರಿಗೆ ಹಣ ಕಳಿಸುತ್ತೇವೆ. ಅದು ನಾವು ತಂದಿಟ್ಟ ಹಣ್ಣು. ಅಷ್ಟೇ ಸಾಲದೆಂದು ಬಯಸುವ ತಾಯಂದಿರೂ ಅವರಲ್ಲಿರಬಹುದು. ಸಭೆ ಮುಗಿದ ಮೇಲೆಯೂ ಸ್ವಲ್ಪ ಹೊತ್ತು ಕಪಾಟು ತೆರೆದಿರುತ್ತದೆ. ಓದುವ ವಯಸ್ಸು ಹೋಯಿತೆನ್ನುವ ಮಿತ್ರರು ದಯಮಾಡಿ ಇಂದು ಬರಿಗೈಯಲ್ಲಿ ಹೋಗಬಾರದು.