ಕೋರ್ಸಿಗೆ ಸೇರುವ ಮೊದಲಿನ ಆರು ವಾರ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಶಾಲೆಗೆ 50 ವರ್ಷ ತುಂಬಿದ ಈ ಹೊತ್ತಿನಲ್ಲಿ ನನ್ನನ್ನೂ ಕರೆದು ಮಾತಾಡಲು ಹೇಳಿದ್ದೀರಿ. ಸಂತೋಷ. ‘ಹಳ್ಳಿಯ ಮಕ್ಕಳು ಸಾಫ್ಟ್‌ವೇರ್ ಎಂಜಿನಿಯರ್ ಆಗುವುದು ಹೇಗೆ’ ಎಂಬ ವಿಷಯ ಕೊಟ್ಟಿದ್ದರು. ನಾನು ಅದನ್ನು ಸ್ವಲ್ಪ ಬದಲಾಯಿಸಿಕೊಳ್ಳುತ್ತೇನೆ, ಸಮಿತಿಯವರು ಕ್ಷಮಿಸಬೇಕು. ಎಂಜಿನಿಯರಿಂಗ್ ಕಾಲೇಜಿಗೆ ಹೋಗುವವರಿಗೆ ದಾರಿ ಹೇಳಲು ಬೇಕಾದಷ್ಟು ಜನ ಇದ್ದಾರೆ. ಹೋಗಲಾಗದವರು, ಮನೆಯಲ್ಲೇ ಕೂತು ಕಂಪ್ಯೂಟರ್ ಕಲಿಯಬೇಕು ಎನ್ನುವವರು ನಮ್ಮೂರಿನಲ್ಲಿ ಹೆಚ್ಚು. ಅವರ ಬಗ್ಗೆ ಎರಡು ಮಾತು ಹೇಳುತ್ತೇನೆ.

ಊರಿನಿಂದ ನನಗೆ ಆಗಾಗ ಫೋನ್ ಬರುತ್ತದೆ. “ಅಣ್ಣ, ಆನ್‌ಲೈನ್‌ನಲ್ಲಿ ಯಾವ ಕೋರ್ಸ್ ಮಾಡಲಿ?” ಮೊದಲೆಲ್ಲ ಒಂದು ಲಿಂಕ್ ಕಳಿಸಿ ಸುಮ್ಮನಾಗುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. “ಸೇರುವುದು ಆಮೇಲೆ, ಮೊದಲು ಆರು ವಾರ ತಯಾರಿ ಮಾಡಿಕೋ” ಎನ್ನುತ್ತೇನೆ. ಹಾಗನ್ನುವುದಕ್ಕೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಕಾರಣ. ಅದರಲ್ಲಿ ತಪ್ಪು ನನ್ನದೇ.

ನನ್ನ ತಂಗಿಯೂ ಇದೇ ಶಾಲೆಯಲ್ಲಿ ಓದಿದವಳು. ಪಿಯುಸಿ ಕಲಾ ವಿಭಾಗ ಮುಗಿಸಿದಳು, ಮದುವೆಯಾಯಿತು. ಪಕ್ಕದೂರಿನಲ್ಲೇ ಮನೆ, ಇಬ್ಬರು ಮಕ್ಕಳು. ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಬರೆಯುವುದು ಅವಳೇ. “ಕಂಪ್ಯೂಟರ್ ಕಲೀಬೇಕು ಕಣಣ್ಣ” ಎಂದಳು. ನಾನು ನನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟೆ. ಬೆಂಗಳೂರಿನಲ್ಲಿ ಕೂತೇ ಅವಳ ಹೆಸರನ್ನು ಒಂದು ಪೈಥಾನ್ ಕೋರ್ಸಿಗೆ ನೋಂದಾಯಿಸಿದೆ. ಇಮೇಲ್ ನನ್ನದು, ಮೊಬೈಲ್ ನಂಬರ್ ನನ್ನದು. ದೊಡ್ಡ ಉಪಕಾರ ಮಾಡಿದೆ ಎಂದುಕೊಂಡಿದ್ದೆ.

ಆ ಕೋರ್ಸ್ ಯಾವುದು ಎಂದರೆ ಎನ್‌ಪಿಟಿಇಎಲ್‌ನದು. ಏಳು ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಶುರು ಮಾಡಿದ ದೂರಶಿಕ್ಷಣದ ಯೋಜನೆ ಇದು. 2017ರಲ್ಲಿ ಕೇಂದ್ರ ಸರ್ಕಾರದ ಸ್ವಯಂ ಜಾಲತಾಣ ಬಂದ ಮೇಲೆ ಈ ಕೋರ್ಸುಗಳಿಗೆ ಅಲ್ಲಿಂದಲೇ ಸೇರಬಹುದು. ‘ದಿ ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್’ ಎಂಬುದು ಐಐಟಿ ರೋಪಡ್‌ನವರು ಪ್ರೋಗ್ರಾಮಿಂಗ್ ಏನೂ ಬಾರದವರಿಗೆಂದೇ ಮಾಡಿದ 12 ವಾರಗಳ ಪಾಠ. ಸೇರುವುದಕ್ಕೆ, ಪಾಠ ಕೇಳುವುದಕ್ಕೆ ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು.

ನನ್ನ ತಂಗಿ ನಾಲ್ಕನೇ ವಾರಕ್ಕೆ ನಿಲ್ಲಿಸಿದಳು. ಯಾಕೆ ಎಂದರೆ “ನನ್ನ ತಲೆಗೆ ಹತ್ತಲ್ಲ ಬಿಡಣ್ಣ” ಎಂದಳು. ನಾನೂ ಒಪ್ಪಿಬಿಟ್ಟೆ. ಸ್ನೇಹಿತರ ಹತ್ತಿರ “ಎಲ್ಲ ಅನುಕೂಲ ಮಾಡಿಕೊಟ್ಟೆ, ಆಸಕ್ತಿ ಇರಬೇಕಲ್ಲ” ಎಂದು ಹೇಳಿಕೊಂಡೂ ತಿರುಗಿದೆ.

ಮರುವರ್ಷ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಅವಳ ಮನೆಗೆ ಹೋದಾಗ ಸಂಘದ ಪುಸ್ತಕ ಅಲ್ಲೇ ಇತ್ತು. ಸುಮ್ಮನೆ ತಿರುವಿ ನೋಡಿದೆ. ಯಾರು ಸಾಲ ತೆಗೆದಿದ್ದಾರೆ, ಯಾರ ಕಂತು ತಪ್ಪಿದೆ, ತಪ್ಪಿದವರಿಗೆ ಬಡ್ಡಿ ಹೇಗೆ ಕಟ್ಟಬೇಕು, ಎಲ್ಲವೂ ನಿಯಮ ಹಾಕಿಕೊಂಡು ಬರೆದಿದ್ದಳು. ನನಗೆ ನಾಚಿಕೆಯಾಯಿತು. ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಬರೆಯುವವಳ ತಲೆಗೆ ಪ್ರೋಗ್ರಾಂ ಹತ್ತುವುದಿಲ್ಲವೇ? ಆಗ ನಿಧಾನವಾಗಿ ಕೂತು ಕೇಳಿದೆ.

ಮಗುವಿಗೆ ಜ್ವರ ಬಂದು ಎರಡು ವಾರದ ಅಸೈನ್‌ಮೆಂಟ್ ತಪ್ಪಿಹೋಗಿತ್ತು. ಎರಡು ತಪ್ಪಿದರೆ ಎಲ್ಲವೂ ಮುಗಿಯಿತು ಎಂದು ಅವಳು ತಿಳಿದಿದ್ದಳು. ಆ ಕೋರ್ಸಿನ ನಿಯಮ ಹಾಗಿಲ್ಲ. 12 ಅಸೈನ್‌ಮೆಂಟುಗಳಲ್ಲಿ ಚೆನ್ನಾಗಿ ಮಾಡಿದ 8ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ನಾಲ್ಕು ತಪ್ಪಿದರೂ ದಾರಿ ಇದೆ. ಅದನ್ನು ನಾನು ಓದಿರಲಿಲ್ಲ, ಅವಳಿಗೆ ಹೇಳಿರಲಿಲ್ಲ. ಕೊನೆಯ ದಿನಾಂಕ ನೆನಪಿಸುವ ಇಮೇಲುಗಳು ಬಂದದ್ದು ನನಗೆ. ನಾನು ತೆಗೆದೂ ನೋಡಿರಲಿಲ್ಲ. ಬರೆದ ಪ್ರೋಗ್ರಾಂ ಸೇವ್ ಮಾಡಿದರೆ ಅದು ಎಲ್ಲಿಗೆ ಹೋಯಿತು ಎಂದು ಅವಳಿಗೆ ಸಿಗುತ್ತಿರಲಿಲ್ಲ. “ಸ್ಟ್ರಿಂಗ್ ಅಂದ್ರೆ ದಾರ ಅಂತ ಗೊತ್ತು. ದಾರಕ್ಕೂ ಕಂಪ್ಯೂಟರಿಗೂ ಏನು ಸಂಬಂಧ ಅಂತ ಮೂರು ದಿನ ಯೋಚನೆ ಮಾಡಿದೆ” ಎಂದಳು. ಒಮ್ಮೆ ನನಗೆ ಫೋನ್ ಮಾಡಿ ಕೇಳಿದ್ದಳಂತೆ. ನಾನು ಮೀಟಿಂಗಿನಲ್ಲಿದ್ದೆ. “ಇಷ್ಟೂ ಗೊತ್ತಾಗಲ್ವಾ, ಗೂಗಲ್ ಮಾಡು” ಎಂದು ಫೋನ್ ಇಟ್ಟಿದ್ದೆ. ನನಗೆ ಅದು ನೆನಪೇ ಇಲ್ಲ. ಅವಳಿಗೆ ನೆನಪಿದೆ. ಆಮೇಲೆ ಅವಳು ಕೇಳಲಿಲ್ಲ.

ಜನವರಿಯಲ್ಲಿ ಮತ್ತೆ ಸೇರೋಣ, ಅದಕ್ಕೆ ಮೊದಲು ಆರು ವಾರ ತಯಾರಿ ಮಾಡೋಣ ಎಂದು ಅವತ್ತೇ ತೀರ್ಮಾನ ಮಾಡಿದೆವು. ರಾತ್ರಿ ಒಂಬತ್ತರ ಮೇಲೆ ಅರ್ಧ ಗಂಟೆ, ಫೋನಿನಲ್ಲಿ. ಏನೇನು ಮಾಡಿದೆವು ಎಂಬುದನ್ನು ಹೇಳುತ್ತೇನೆ. ನಿಮ್ಮ ಮನೆಯ ಮಕ್ಕಳಿಗೂ ಬೇಕಾಗಬಹುದು.

ಮೊದಲ ಎರಡು ವಾರ ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ 20 ಚೀಟಿ ಮಾಡಿ, ಒಂದೊಂದರ ಮೇಲೂ ಒಂದು ಹೆಸರು, ಗಣಿತದ ಅಂಕ ಬರೆದಳು. ನಿಯಮ ಏನೆಂದರೆ, ಒಂದು ಸಲಕ್ಕೆ ಒಂದೇ ಚೀಟಿ ನೋಡಬೇಕು, ಸ್ಲೇಟಿನ ಮೇಲೆ ಒಂದೇ ಸಂಖ್ಯೆ ಇರಬೇಕು. ಅತಿ ಹೆಚ್ಚು ಅಂಕ ಯಾವುದು ಹುಡುಕು ಎಂದೆ. ಸ್ಲೇಟಿನ ಮೇಲೆ 0 ಬರೆದು ಶುರು ಮಾಡಿದಳು. ಚೀಟಿಯಲ್ಲಿರುವುದು ಸ್ಲೇಟಿನಲ್ಲಿರುವುದಕ್ಕಿಂತ ದೊಡ್ಡದಾದರೆ ಅಳಿಸಿ ಬರೆಯುವುದು, ಇಲ್ಲದಿದ್ದರೆ ಮುಂದಿನ ಚೀಟಿ. ಕೊನೆಗೆ ಸ್ಲೇಟಿನಲ್ಲಿ ಉಳಿದದ್ದೇ ಉತ್ತರ. ಸರಿಯಾಗಿ ಬಂತು. ಈಗ ಅತಿ ಕಡಿಮೆ ಅಂಕ ಹುಡುಕು ಎಂದೆ. ಮತ್ತೆ 0 ಬರೆದು ಶುರು ಮಾಡಿದಳು. ಇಪ್ಪತ್ತು ಚೀಟಿ ಮುಗಿದರೂ ಸ್ಲೇಟಿನ ಮೇಲೆ 0 ಹಾಗೇ ಇತ್ತು. “ಸೊನ್ನೆ ತಗೊಂಡವರು ಯಾರೂ ಇಲ್ವಲ್ಲ!” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲನೇ ಚೀಟಿಯ ಅಂಕದಿಂದಲೇ ಶುರು ಮಾಡಬೇಕಿತ್ತು” ಎಂದು ತಾನೇ ಹೇಳಿದಳು. ನಾವು ಆಫೀಸಿನಲ್ಲಿ ಸಂಬಳ ತೆಗೆದುಕೊಂಡು ಮಾಡುವ ಕೆಲಸದಲ್ಲಿ ದೊಡ್ಡ ಪಾಲು ಇದೇ. ತಪ್ಪು ಎಲ್ಲಿ ಬಂತು ಎಂದು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ನೋಡುವುದು.

ಆಮೇಲೆ ಸಂಘದ ಪುಸ್ತಕ ತೆಗೆಸಿದೆ. ತಿಂಗಳು ತಿಂಗಳು ಬದಲಾಗುವ ಬಾಕಿಯ ಕಲಂ ಇದೆಯಲ್ಲ, ಅದು ವೇರಿಯಬಲ್. ಒಬ್ಬೊಬ್ಬ ಸದಸ್ಯೆಯ ಲೆಕ್ಕವನ್ನೂ ಒಂದೇ ರೀತಿ ಮಾಡುತ್ತಾ ಹೋಗುವುದು ಲೂಪ್. ‘ಕಂತು ಕಟ್ಟದಿದ್ದರೆ’ ಎಂಬುದು ಕಂಡೀಷನ್. ಬಡ್ಡಿ ಲೆಕ್ಕ ಹಾಕುವ ಕ್ರಮಕ್ಕೆ ಒಂದು ಹೆಸರಿಟ್ಟು, ಬೇಕಾದಾಗ ಕರೆದು ಕೆಲಸ ಮಾಡಿಸಿದರೆ ಅದು ಫಂಕ್ಷನ್. ಅವಳಿಗೆ ಕೆಲಸ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೆ.

ಇಲ್ಲಿ ನಮ್ಮ ಗಣಿತದ ಮೇಷ್ಟ್ರನ್ನು ನೆನೆಯಬೇಕು. ಭಾಗಾಕಾರ ಕ್ರಮದಿಂದ ಮ.ಸಾ.ಅ. ಕಂಡುಹಿಡಿಯುವುದನ್ನು ಅವರು ಬೆತ್ತ ಹಿಡಿದು ಕಲಿಸಿದ್ದು ನಿಮಗೆಲ್ಲ ನೆನಪಿರಬೇಕು. 48 ಮತ್ತು 18 ಕೊಟ್ಟರೆ, 48ನ್ನು 18ರಿಂದ ಭಾಗಿಸಿ, ಶೇಷ 12. 18ನ್ನು 12ರಿಂದ ಭಾಗಿಸಿ, ಶೇಷ 6. 12ನ್ನು 6ರಿಂದ ಭಾಗಿಸಿ, ಶೇಷ ಸೊನ್ನೆ. ಉತ್ತರ 6. ಯೂಕ್ಲಿಡ್ ಸುಮಾರು 2300 ವರ್ಷ ಹಿಂದೆ ಬರೆದಿಟ್ಟ ಈ ಕ್ರಮವನ್ನೇ ಇಂದಿಗೂ ಪ್ರೋಗ್ರಾಮಿಂಗ್ ಕಲಿಯುವವರಿಂದ ಬರೆಸುತ್ತಾರೆ. ನನ್ನ ಬಿಇ ಮೊದಲ ವರ್ಷದಲ್ಲೂ ಬರೆಸಿದರು. ನಮ್ಮ ಕನ್ನಡ ಮಾಧ್ಯಮದ ಶಾಲೆ ನನಗೆ ಪ್ರೋಗ್ರಾಮಿಂಗನ್ನು ಕಂಪ್ಯೂಟರ್ ಇಲ್ಲದೆಯೇ ಅರ್ಧ ಕಲಿಸಿ ಕಳಿಸಿತ್ತು ಎಂದು ಅವತ್ತು ಗೊತ್ತಾಯಿತು.

ಮೂರು, ನಾಲ್ಕನೇ ವಾರ ಯಂತ್ರದ ಪರಿಚಯ. ಪಾಠ ಕೇಳಲು ಮೊಬೈಲ್ ಸಾಕು, ಪ್ರೋಗ್ರಾಂ ಬರೆಯಲು ಕೀಬೋರ್ಡ್ ಬೇಕು. ಹೊಸ ಲ್ಯಾಪ್‌ಟಾಪ್ ಬೇಕಿಲ್ಲ, ಹಳೆಯದು ನಡೆಯುತ್ತದೆ. ಪೈಥಾನ್‌ಗೆ ದುಡ್ಡು ಕೊಡಬೇಕಿಲ್ಲ. ಕಂಸ, ಕೋಲನ್, ಉದ್ಧರಣ ಚಿಹ್ನೆ, ಅಂಡರ್‌ಸ್ಕೋರ್ ಎಲ್ಲೆಲ್ಲಿವೆ ಎಂದು ಬೆರಳಿಗೆ ರೂಢಿಯಾಗಬೇಕು. ಒಂದು ಫೋಲ್ಡರ್ ಮಾಡಿ, ಅದರಲ್ಲೇ ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆಯುವುದನ್ನು ದಿನಾ ಮಾಡಿದಳು. ಪೈಥಾನ್‌ನಲ್ಲಿ ಸಾಲಿನ ಮೊದಲು ಬಿಡುವ ಜಾಗಕ್ಕೂ ಅರ್ಥ ಇದೆ. ಯಾವ ಸಾಲು ಯಾವುದರ ಒಳಗೆ ಸೇರಿದೆ ಎಂದು ತಿಳಿಯುವುದು ಅದರಿಂದಲೇ. ಜಾಗ ತಪ್ಪಿದರೆ ಕೆಂಪಕ್ಷರದಲ್ಲಿ ಎರರ್ ಬರುತ್ತದೆ. ಬೇಕೆಂದೇ ತಪ್ಪು ಮಾಡಿಸಿ ಆ ಎರರ್ ಓದಿಸಿದೆ. ಎಷ್ಟನೇ ಸಾಲಿನಲ್ಲಿ ತಪ್ಪಿದೆ ಎಂದು ಅದರಲ್ಲೇ ಬರೆದಿರುತ್ತದೆ. ನಾಲ್ಕು ಸಲ ಆದ ಮೇಲೆ ಹೆದರಿಕೆ ಹೋಯಿತು.

ಐದನೇ ವಾರ ಭಾಷೆ. ಒಂದು ನೋಟ್‌ಬುಕ್ಕಿನಲ್ಲಿ ನಲವತ್ತು ಪದ ಬರೆಸಿದೆ, ಎದುರಿಗೆ ಕನ್ನಡದಲ್ಲಿ ಅರ್ಥ, ಅವಳದೇ ಮಾತಿನಲ್ಲಿ. ‘ಸ್ಟ್ರಿಂಗ್: ಮಣಿ ಪೋಣಿಸಿದ ಹಾಗೆ ಅಕ್ಷರ ಪೋಣಿಸಿದ ಸಾಲು’ ಎಂದು ಬರೆದಿದ್ದಾಳೆ. ನಾನು ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ವಿಡಿಯೊ ವೇಗ ಕಡಿಮೆ ಮಾಡಿಕೊಂಡು, ಕೆಳಗೆ ಅಕ್ಷರ ಬರುವಂತೆ ಹಾಕಿಕೊಂಡು ಎರಡು ಸಲ ಕೇಳುವುದು; ಮೊದಲನೇ ಸಲ ಬರೆದುಕೊಳ್ಳಬಾರದು. ಎನ್‌ಪಿಟಿಇಎಲ್‌ನ ಹಲವು ಪಾಠಗಳ ಬರಹರೂಪ ಕನ್ನಡದಲ್ಲೂ ಸಿಗುತ್ತದೆ, ಹುಡುಕಿ ಇಟ್ಟುಕೊಳ್ಳಬೇಕು.

ಆರನೇ ವಾರ ನಿಯಮ ಮತ್ತು ಸಮಯ. ಅವಳದೇ ಇಮೇಲ್ ತೆರೆಸಿ, ಅವಳದೇ ನಂಬರಿನಿಂದ, ಅವಳ ಕೈಯಲ್ಲೇ ನೋಂದಣಿ ಮಾಡಿಸಿದೆ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಪಾಸಾಗಲು ಅದರಲ್ಲಿ 10, ಇದರಲ್ಲಿ 30 ಬರಬೇಕು. ಇದನ್ನೂ ಕೊನೆಯ ದಿನಾಂಕಗಳನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಳು. ದಿನಕ್ಕೆ ಒಂದು ಗಂಟೆ ಮಕ್ಕಳನ್ನು ತಾನು ನೋಡಿಕೊಳ್ಳುತ್ತೇನೆ ಎಂದು ನಮ್ಮ ಭಾವ ಒಪ್ಪಿಕೊಂಡರು. ಭಾನುವಾರ ಸಂಜೆ ಅವಳ ಪ್ರಶ್ನೆಗಳಿಗೆ ಅರ್ಧ ಗಂಟೆ ಕೊಡುತ್ತೇನೆ, ಏನೇ ಕೇಳಿದರೂ ‘ಇಷ್ಟೂ ಗೊತ್ತಾಗಲ್ವಾ’ ಎನ್ನುವುದಿಲ್ಲ ಎಂದು ನಾನು ಒಪ್ಪಿಕೊಂಡೆ.

ಏಪ್ರಿಲ್‌ನಲ್ಲಿ ಬಸ್ಸು ಹತ್ತಿ ನಗರದ ಕೇಂದ್ರಕ್ಕೆ ಹೋಗಿ ಮೂರು ಗಂಟೆ ಪರೀಕ್ಷೆ ಬರೆದು ಬಂದಳು. ಈ ಸಲವೂ ಎರಡು ವಾರ ತಪ್ಪಿತ್ತು, ಆದರೆ ಬಿಡಲಿಲ್ಲ. ರ‍್ಯಾಂಕ್ ಏನೂ ಬರಲಿಲ್ಲ, ಪಾಸಾದಳು. ಆ ಸರ್ಟಿಫಿಕೇಟಿನಿಂದ ಅವಳಿಗೆ ಕೆಲಸ ಸಿಕ್ಕಿಲ್ಲ. ಒಂದು ಆರಂಭಿಕ ಕೋರ್ಸಿನಿಂದ ಕೆಲಸ ಸಿಗುತ್ತದೆ ಎಂದು ಯಾರಾದರೂ ಹೇಳಿ ದುಡ್ಡು ಕೇಳಿದರೆ ನಂಬಬೇಡಿ. ಆದರೆ ಸಂಘದ ಬಡ್ಡಿ ಲೆಕ್ಕ ಈಗ ಅವಳೇ ಬರೆದ ಪ್ರೋಗ್ರಾಮಿನಲ್ಲಿ ನಡೆಯುತ್ತಿದೆ. ಮುಂದಿನ ಕೋರ್ಸಿಗೆ ತಾನೇ ಸೇರಿದ್ದಾಳೆ, ನನ್ನನ್ನು ಕೇಳದೆ.

ಕೊನೆಯದಾಗಿ ಒಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಕಂಪ್ಯೂಟರ್ ಕೊಡಿಸೋಣ ಎಂದು ಹಳೆಯ ವಿದ್ಯಾರ್ಥಿಗಳು ಮಾತಾಡಿಕೊಂಡಿದ್ದೇವೆ. ಕೊಡಿಸೋಣ, ನನ್ನ ಪಾಲು ನಾನು ಕೊಡುತ್ತೇನೆ. ಆದರೆ ಕಂಪ್ಯೂಟರ್ ಕೊಟ್ಟು ಬೆನ್ನು ತಿರುಗಿಸಿದರೆ ನಾನು ತಂಗಿಗೆ ಲ್ಯಾಪ್‌ಟಾಪ್ ಕೊಟ್ಟ ಹಾಗೇ ಆಗುತ್ತದೆ. ಅದರ ಜೊತೆಗೆ, ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಆರು ವಾರ, ವಾರಕ್ಕೆ ಎರಡು ಸಂಜೆ ಶಾಲೆಯ ಕೊಠಡಿ ತೆರೆದಿಡಲು ಮುಖ್ಯೋಪಾಧ್ಯಾಯರು ಅನುಮತಿ ಕೊಡಬೇಕು. ಮುಂದೆ ಓದಲಾಗದ ಹುಡುಗ ಹುಡುಗಿಯರು, ಮನೆಯಲ್ಲಿರುವ ಹೆಣ್ಣುಮಕ್ಕಳು ಯಾರು ಬೇಕಾದರೂ ಬರಲಿ. ಹೊರಗೆ ಕೆಲಸದಲ್ಲಿರುವ ನಾವು ಹತ್ತು ಜನ ವಾರಕ್ಕೆ ಅರ್ಧ ಗಂಟೆ ಫೋನಿನಲ್ಲಿ ಸಿಗುತ್ತೇವೆ ಎಂದು ಹೆಸರು ಕೊಡೋಣ. ಮೊದಲ ಹೆಸರು ನನ್ನದು.

ಸಂಜೆಯ ತರಗತಿ ನಡೆಸಲು ಒಬ್ಬರು ಆಗಲೇ ಒಪ್ಪಿದ್ದಾರೆ. ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಹೆಸರು ಹೇಳಬೇಡ ಎಂದು ತಾಕೀತು ಮಾಡಿದ್ದಾರೆ, ಹೇಳುವುದಿಲ್ಲ. ಲಗ್ನಪತ್ರಿಕೆಯ ಚೀಟಿಗಳನ್ನೂ ಸ್ಲೇಟನ್ನೂ ತಾವೇ ತರುತ್ತಾರಂತೆ.