ಡೋಣಿ ಸೀಮೆಯ ಹಳ್ಳಿಗಳೂ ನಾವೂ
(ಸಂಘದ ರಾಜ್ಯೋತ್ಸವ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಕದಂಬರಿಂದ ಮೊದಲುಮಾಡಿ ಏಕೀಕರಣದ ವರೆಗೆ ಬಂದು ನಿಲ್ಲುವದು ವಾಡಿಕೆ. ಆ ಕಥೆಯನ್ನು ನಮಗಿಂತ ಚೆನ್ನಾಗಿ ಹೇಳಬಲ್ಲವರು ಈ ಸಭೆಯಲ್ಲಿಯೇ ಇದ್ದಾರೆ. ನಾವು ಇಂದು ಒಂದು ಜಿಲ್ಲೆಯ ಹಳ್ಳಿಗಳನ್ನು ಕುರಿತು ಮಾತ್ರ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇವೆ. ಅದು ವಿಜಾಪುರ ಜಿಲ್ಲೆ. 2014ರಿಂದ ಅದರ ಸರಕಾರಿ ಹೆಸರು ವಿಜಯಪುರ. ಈ ಪುಣೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಆ ಸೀಮೆಯವರು ಕಡಿಮೆಯೇನಿಲ್ಲ. 1956ರ ವರೆಗೆ ಅದು ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ ಕಾಲೇಜಿನ ಓದಿಗೆ, ಕಚೇರಿಯ ನೌಕರಿಗೆ ನಮ್ಮ ಹಿರಿಯರು ಹಿಡಿದದ್ದು ಬೆಂಗಳೂರಿನ ಹಾದಿಯನ್ನಲ್ಲ, ಸೊಲ್ಲಾಪುರದ ಮೇಲಿಂದ ಪುಣೆ ಮುಂಬಯಿಗಳ ಹಾದಿಯನ್ನು. ಅವರು ಬಂದರು, ಹೊಲ ಅಲ್ಲಿಯೇ ಉಳಿಯಿತು. ಇಂದಿನ ಮಾತೆಲ್ಲ ಆ ಉಳಿದ ಹೊಲದ್ದು.

ನಮ್ಮ ಮಕ್ಕಳನ್ನು ವಿಜಾಪುರಕ್ಕೆ ಕರೆದೊಯ್ದರೆ ಗೋಲಗುಮ್ಮಟ ತೋರಿಸಿ ಮರಳುತ್ತೇವೆ. ಡೋಣಿಯನ್ನು ತೋರಿಸುವವರು ವಿರಳ. ನೋಡಲು ಅದರಲ್ಲೇನೂ ಇಲ್ಲವೆಂಬುದೂ ನಿಜ. ಸವಳು ನೀರಿನ, ಹೂಳು ತುಂಬಿದ, ಬೇಸಗೆಯಲ್ಲಿ ಸೊರಗಿ ಮಳೆಗಾಲದಲ್ಲಿ ಹೊಲಕ್ಕೆ ನುಗ್ಗುವ ನದಿ ಅದು. ತಾಳಿಕೋಟೆಯ ಮಗ್ಗುಲಲ್ಲಿ ಹಾಯ್ದು ಮುಂದೆ ಕೃಷ್ಣೆಯನ್ನು ಕೂಡುತ್ತದೆ. ಅದರ ನೀರು ಕುಡಿಯಲಿಕ್ಕೆ ಬಾರದು. ಆದರೆ ಅದರ ದಂಡೆಯ ಎರೆ ಮಣ್ಣಿನಂಥ ಮಣ್ಣು ದೊರೆಯುವದು ಕಷ್ಟ. "ಡೋಣಿ ಬೆಳೆದರೆ ಓಣೆಲ್ಲ ಕಾಳು" ಎಂದು ನಮ್ಮ ಕಡೆಯವರು ಅನ್ನುವದು ಸುಮ್ಮನೆ ಅಲ್ಲ.

ಪುಣೆಯಲ್ಲಿ ಹುಟ್ಟಿದ ತರುಣರಿಗಾಗಿ ಆ ಬೆಳೆಯ ರೀತಿಯನ್ನು ಸ್ವಲ್ಪ ವಿವರಿಸಬೇಕು. ವರ್ಷದ ಮಳೆ 600 ಮಿಲಿಮೀಟರಿನ ಆಚೆ ಈಚೆ. ಅದರಲ್ಲಿಯೂ ದೊಡ್ಡ ಪಾಲು ಬೀಳುವದು ಸಪ್ಟಂಬರದಲ್ಲಿ. ಆದುದರಿಂದ ಎರೆ ಹೊಲದ ಒಕ್ಕಲಿಗ ಮುಂಗಾರಿಯಲ್ಲಿ ಬಿತ್ತುವ ಅವಸರ ಮಾಡುತ್ತಿರಲಿಲ್ಲ. ಹೊಲವನ್ನು ಬಿಡುವು ಬಿಟ್ಟು, ಮಳೆ ಬಂದಂತೆ ಕುಂಟಿ ಹೊಡೆದು, ಕಸ ಏಳಗೊಡದೆ ಹಸಿಯನ್ನು ಮಣ್ಣಿನ ಹೊಟ್ಟೆಯಲ್ಲಿ ಕೂಡಿಹಾಕುತ್ತಿದ್ದ. ಹಿಂಗಾರಿಯ ಒಂದು ಒಳ್ಳೆಯ ಮಳೆ ಬಿದ್ದೊಡನೆ ಕೂರಿಗೆ ಹೂಡಿ ಜೋಳ ಬಿತ್ತುವದು; ನಡುನಡುವೆ ಅಕ್ಕಡಿಯೆಂದು ಕಡಲೆ, ಕುಸುಬಿಯ ಸಾಲು. ಹೊಲದ ಅಂಚಿಗೆ ಮುಳ್ಳಿನ ಕುಸುಬಿ ನಿಂತರೆ ಅದೇ ಬೇಲಿ. ದನ ಒಳಗೆ ಬಾಯಿ ಹಾಕವು. ಆಮೇಲೆ ಮಳೆ ಬಾರದಿದ್ದರೂ ಚಿಂತೆಯಿಲ್ಲ. ನೆಲದೊಳಗಿನ ಹಸಿ, ಮೇಲಿನ ಚಳಿ, ಇಷ್ಟರ ಮೇಲೆಯೇ ಜೋಳ ಆಳೆತ್ತರ ಏಳುತ್ತಿತ್ತು. ಎಳ್ಳ ಅಮಾವಾಸ್ಯೆಗೆ ಸಜ್ಜೆಯ ರೊಟ್ಟಿ, ಕಡಬು, ಪುಂಡಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಬೆಳೆ ತೆನೆ ಹಿಡಿದು ನಿಂತಿರುತ್ತಿತ್ತು. ಮಾಗಿದ ಮೇಲೆ ಜೋಳವನ್ನು ಬೇರುಸಹಿತ ಕಿತ್ತು, ತೆನೆ ಮುರಿದು, ಕಣಿಕೆಯನ್ನು ಸೂಡು ಕಟ್ಟಿ ಬಣವೆ ಒಟ್ಟುವದು. ಕಾಳು ಮನುಷ್ಯನಿಗೆ, ಕಣಿಕೆ ಎತ್ತಿಗೆ. ಒಂದೇ ಗಿಡ ಮನೆಯನ್ನೂ ಕೊಟ್ಟಿಗೆಯನ್ನೂ ಸಾಕಿತು.

ಇಷ್ಟು ಕಾಳನ್ನು ಇಟ್ಟುಕೊಳ್ಳುತ್ತಿದ್ದುದು ಎಲ್ಲಿ? ಊರ ನಡುವೆ ಗಟ್ಟಿ ನೆಲದಲ್ಲಿ ತೋಡಿದ ಹಗೇವಿನಲ್ಲಿ. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ತಳಕ್ಕೂ ಸುತ್ತಲೂ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಗಾಳಿಯಾಡದ ಜಾಗದಲ್ಲಿ ಹುಳಕ್ಕೆ ಉಸಿರಿಲ್ಲ ಎಂಬುದೇ ಅದರ ಗುಟ್ಟು. ತೆಗೆಯುವಾಗ ಮನುಷ್ಯನಿಗೂ ಅದೇ ಅಪಾಯ! ಬಾಯಿ ತೆರೆದು ಬಿಸಿಯಾರಿದ ಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವರು. ದೀಪ ಉಳಿದರೆ ಆಳು ಇಳಿಯಬೇಕು, ಆರಿದರೆ ಇನ್ನೂ ಕಾಯಬೇಕು. ಈಗ ಬಹಳ ಊರುಗಳಲ್ಲಿ ಹಗೇವು ಮುಚ್ಚಿ ಅವುಗಳ ಮೇಲೆಯೇ ರಸ್ತೆಯಾಗಿವೆ.

ಹಗೇವು ಜಾಣತನದ ಲಕ್ಷಣವೆಂದು ಹೊಗಳಿದ ಬಾಯಿಯಿಂದಲೇ ಇನ್ನೊಂದು ಮಾತನ್ನೂ ಹೇಳಬೇಕು. ಅದು ಅಂಜಿಕೆಯ ಲಕ್ಷಣವೂ ಹೌದು. 1876ರಿಂದ 78ರ ವರೆಗಿನ ಬರ ಈ ಸೀಮೆಯನ್ನು, ಆಗಿನ ಹೆಸರಿನಲ್ಲಿ ಕಲಾದಗಿ ಜಿಲ್ಲೆಯನ್ನು, ಹಾಳುಮಾಡಿತು. ಹಗೇವು ಉಳ್ಳವರ ಅಂಗಳದಲ್ಲಿತ್ತು. ಇಲ್ಲದವರು ಅದರ ಒಡೆಯನ ಮನೆಯ ಮುಂದೆ ಸೆರಗೊಡ್ಡಿ ನಿಲ್ಲಬೇಕಾಗಿತ್ತು. 1930ರ ದಶಕದಲ್ಲಿ ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರ ನೆಲೆಗೊಂಡದ್ದೂ, ಹೊಲಗಳಿಗೆ ಒಡ್ಡು ಹಾಕಿ ಮಣ್ಣನ್ನೂ ನೀರನ್ನೂ ಹಿಡಿಯುವ ಕೆಲಸ ನಡೆದದ್ದೂ ಈ ಅಂಜಿಕೆಯ ಬೆನ್ನ ಹಿಂದೆಯೇ.

ಹಳ್ಳಿಯೆಂದರೆ ಹೊಲವೊಂದೇ ಅಲ್ಲವಷ್ಟೆ. ಇಂಡಿಯ ಸೀಮೆಯಲ್ಲಿ ಹಲಸಂಗಿ ಎಂಬ ಒಂದು ಊರು. ಮಧುರಚೆನ್ನರೂ ಅವರ ಗೆಳೆಯರೂ ಅಲ್ಲಿಯೇ ಇದ್ದುಕೊಂಡು, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ಪದಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ವಿಶ್ವವಿದ್ಯಾಲಯಗಳು ಜಾನಪದವೆಂಬ ವಿಭಾಗ ತೆರೆಯುವದಕ್ಕಿಂತ ಎಷ್ಟೋ ಮೊದಲು ಒಂದು ಹಳ್ಳಿಯ ಗೆಳೆಯರ ಗುಂಪು ಮಾಡಿದ ಕೆಲಸವಿದು. ನಮ್ಮ ಸಂಘದ ಕಪಾಟಿನಲ್ಲಿ ಆ ಪುಸ್ತಕವಿದ್ದರೆ ದಯವಿಟ್ಟು ಓದಿರಿ; ಅದರಲ್ಲಿ ತವರು, ಹಸಿವು, ಎತ್ತು, ಅಣ್ಣ ತಮ್ಮ ಎಲ್ಲ ಬರುತ್ತಾರೆ.

ಇನ್ನು ಆಯದ ವಿಷಯ. ಬಡಿಗ ಕೂರಿಗೆ ಮಾಡಿಕೊಟ್ಟ, ಕಂಬಾರ ಕುಡ ಹಣಿದ, ಕುಂಬಾರ ಗಡಿಗೆ ಕೊಟ್ಟ, ಹಡಪದ ಕ್ಷೌರ ಮಾಡಿದ, ಮಡಿವಾಳ ಬಟ್ಟೆ ಒಗೆದ. ವರ್ಷವಿಡೀ ರೊಕ್ಕದ ಮಾತಿಲ್ಲ. ಸುಗ್ಗಿಯಲ್ಲಿ ಕಣದಲ್ಲಿ ರಾಶಿಯಾದಾಗ ಅವರವರ ಆಯ ಅವರವರಿಗೆ. ಇದನ್ನು ನೆನೆದು "ಹಿಂದಿನ ಹಳ್ಳಿಯಲ್ಲಿ ಎಲ್ಲರೂ ಒಂದೇ ಕುಟುಂಬದಂತೆ ಇದ್ದರು" ಎಂದು ಭಾಷಣ ಮಾಡುವವರನ್ನು ನಾವು ಬಹಳ ಕೇಳಿದ್ದೇವೆ. ಕಣದಲ್ಲಿ ಮೊದಲು ಅಳೆದುಕೊಂಡವರು ಅಂತಹ ಭಾಷಣ ಮಾಡಬಹುದು. ಎಲ್ಲರ ಸರದಿ ಮುಗಿದ ಮೇಲೆ ಕಣದ ಮಣ್ಣು ಬೆರೆತ ಕಾಳನ್ನು ಗುಡಿಸಿಕೊಂಡು ಹೋದ ಹೊಲಗೇರಿಯವರ ಮೊಮ್ಮಕ್ಕಳು ಮಾಡಲಾರರು. ಕರ್ನಾಟಕದಲ್ಲಿ ಹಳ್ಳಿಯ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕುವ ಕಾನೂನು 1961ರಲ್ಲಿ ಆಯಿತು. ಗೌಡ ಕುಲಕರ್ಣಿಕೆಗಳ ವತನ ಹೋಯಿತೆಂದು ಕೆಲವು ಮನೆಗಳಲ್ಲಿ ದುಃಖವಾಗಿರಬಹುದು. ಬಿಟ್ಟಿ ಚಾಕರಿಯ ಮನೆಗಳಲ್ಲಿ ಆಗಿರಲಿಕ್ಕಿಲ್ಲ.

ಆ ಹಳ್ಳಿ ಈಗ ಹಾಗಿಲ್ಲ. 1964ರಲ್ಲಿ ಅಡಿಗಲ್ಲು ಕಂಡ ಆಲಮಟ್ಟಿಯ ಅಣೆಕಟ್ಟು 2006ರಲ್ಲಿ ಲೋಕಾರ್ಪಣೆಯಾಯಿತು. ಕೆಲವು ಊರುಗಳಿಗೆ ನೀರು ಬಂದಿತು, ಕೃಷ್ಣೆಯ ದಂಡೆಯ ಕೆಲವು ಊರುಗಳು ನೀರೊಳಗೆ ಹೋದವು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ತಿಕೋಟೆಯ ಕಡೆ ದ್ರಾಕ್ಷಿ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ. ಎರೆ ಹೊಲಗಳಲ್ಲಿ ಜೋಳದ ಜಾಗವನ್ನು ಬಹುಮಟ್ಟಿಗೆ ತೊಗರಿ ಹಿಡಿದಿದೆ. ತೊಗರಿಗೆ ರೊಕ್ಕವಿದೆ, ಕೂಲಿ ಕಡಿಮೆ. ಜೋಳ ಕೀಳಲು ಆಳು ಸಿಕ್ಕುವದಿಲ್ಲ. ಆದರೆ ತೊಗರಿಯ ಹೊಲದಲ್ಲಿ ಕಣಿಕೆ ಇಲ್ಲ. ಕಣಿಕೆ ಇಲ್ಲದೆ ಎತ್ತು ಉಳಿಯದು. ಹಾಗಾಗಿ ಕಾರಹುಣ್ಣಿವೆಗೆ ಕರಿ ಹರಿಯಲು ಎತ್ತೇ ಇಲ್ಲದ ಮನೆಗಳು ಆಗಿವೆ. ನಾವು ಇಲ್ಲಿ ಕಿಲೋ ಲೆಕ್ಕದಲ್ಲಿ ಕೊಳ್ಳುವ ಜೋಳ ತುಟ್ಟಿಯಾಯಿತೆಂದು ಗೊಣಗುವಾಗ ಇದು ನೆನಪಿರಲಿ.

ಜನರೂ ಚದುರಿದ್ದಾರೆ. ನಮ್ಮ ಹಿರಿಯರು ಮೆಟ್ರಿಕ್ ಮುಗಿಸಿ ಕಾರಕೂನಿಕೆಗೆ ಬಂದ ಇದೇ ಪುಣೆಗೆ ಈಗ ಅದೇ ಊರುಗಳಿಂದ, ಅದರಲ್ಲೂ ಲಂಬಾಣಿ ತಾಂಡಾಗಳಿಂದ, ಗಂಡ ಹೆಂಡಿರು ಕೂಸನ್ನು ಎತ್ತಿಕೊಂಡು ಕಟ್ಟಡದ ಕೆಲಸಕ್ಕೆ ಬರುತ್ತಾರೆ. ಮುಂಜಾನೆ ಮಜೂರ ಅಡ್ಡಾದಲ್ಲಿ ನಿಂತವರ ಬಾಯಲ್ಲಿ ಕೇಳುವ ಕನ್ನಡ ನಮ್ಮ ಮನೆಗಳ ಕನ್ನಡಕ್ಕಿಂತ ಖಡಕ್ಕಾಗಿದೆ. ಅವರನ್ನು ಈ ಸಭೆಯಲ್ಲಿ ನಾವು ಕಾಣುತ್ತಿಲ್ಲ. ಅವರಿಗೆ ಇಂದು ರಜೆ ಇರಲಿಕ್ಕಿಲ್ಲ.

ಈಗ ಮೊದಲು ಹೇಳಿದ ಉಳಿದ ಹೊಲದ ಮಾತಿಗೆ ಬರುತ್ತೇವೆ. ಈ ಸಭೆಯಲ್ಲಿ ಎಷ್ಟೋ ಮನೆಗಳಿಗೆ ಊರಲ್ಲಿ ಇನ್ನೂ ನಾಲ್ಕೆಕರೆ ಎಂಟೆಕರೆ ಇದೆ. ಅದನ್ನು ಪಾಲಿಗೋ ಲಾವಣಿಗೋ ಹಾಕಿದ್ದೇವೆ, ಬಾಯಿಮಾತಿನ ಮೇಲೆ. ಬಾಯಿಮಾತೇ ಏಕೆ? 1974ರ ಭೂಸುಧಾರಣೆಯ ತಿದ್ದುಪಡಿ ಉಳುವವನಿಗೆ ಒಡೆತನ ಕೊಟ್ಟಿತು. ಅದು ನ್ಯಾಯವಾದ ಕಾನೂನು ಎಂದೇ ನಮ್ಮ ಮತ. ಅದರ ಜೊತೆಗೆ, ಸೈನಿಕರು ನಾವಿಕರಂಥ ಕೆಲವರ ಹೊರತು ಮಿಕ್ಕವರು ಮುಂದೆ ಹೊಲವನ್ನು ಗೇಣಿಗೆ ಕೊಡುವದನ್ನೇ ಅದು ನಿಷೇಧಿಸಿತು. ಕೊಡುವದು ನಿಂತಿತೆ? ಇಲ್ಲ. ಬರೆಯುವದು ಮಾತ್ರ ನಿಂತಿತು. ಇದರ ಫಲವೆಂದರೆ, ಉಳುವವನು ಒಬ್ಬ, ಉತಾರದಲ್ಲಿ ಹೆಸರು ಇನ್ನೊಬ್ಬನದು. ಬೆಳೆಸಾಲ ಹೆಸರಿದ್ದವನಿಗೆ. ಪಿ.ಎಂ. ಕಿಸಾನ್ ಹಣ ಹೆಸರಿದ್ದವನಿಗೆ. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ಬೀಜ ಗೊಬ್ಬರ ಹಾಕಿ ಬೆಳೆ ಕಳೆದುಕೊಂಡವನು ಊರಿನಲ್ಲಿದ್ದ. ಪರಿಹಾರದ ಹಣ ಜಮಾ ಆದದ್ದು ಉತಾರದವರ ಖಾತೆಗೆ. ಆ ಖಾತೆ ಪುಣೆಯ ಬ್ಯಾಂಕಿನಲ್ಲಿಯೂ ಇರಬಹುದು. ಬಂದ ಹಣವನ್ನು ತಾವಾಗಿಯೇ ಪಾಲುದಾರನಿಗೆ ಕಳಿಸಿದವರು ಇದ್ದಾರೆ. ಅದು ಅವರ ದೊಡ್ಡತನ. ಆದರೆ ಒಬ್ಬನ ಅನ್ನ ಇನ್ನೊಬ್ಬನ ದೊಡ್ಡತನದ ಮೇಲೆ ನಿಲ್ಲಬಾರದು.

ಇದಕ್ಕೆ ದಾರಿ ಇಲ್ಲವೆಂದಲ್ಲ. ಆಂಧ್ರಪ್ರದೇಶ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕಿನ ಕಾನೂನು ಮಾಡಿ, 11 ತಿಂಗಳ ಕರಾರಿನ ಮೇಲೆ ಸಾಲ, ವಿಮೆ, ಪರಿಹಾರ ಉಳುವವನಿಗೇ ಮುಟ್ಟುವಂತೆಯೂ, ಒಡೆಯನ ಹಕ್ಕಿಗೆ ಧಕ್ಕೆ ಬಾರದಂತೆಯೂ ಏರ್ಪಾಡು ಮಾಡಿತು. ನಮ್ಮ ನಾಡಿಗೂ ಅಂಥದೊಂದು ಬೇಕೆಂದು ನಾವು ಬಲವಾಗಿ ಹೇಳುತ್ತೇವೆ. ಕಾನೂನನ್ನು ಮೀರಿ ಕರಾರು ಪತ್ರ ಮಾಡಿಕೊಡಿರೆಂದು ಹೇಳಲಾರೆವು. ಕಾನೂನಿನೊಳಗೆ ಆಗುವದು ಇಷ್ಟು: ಬಿತ್ತುವ ಮೊದಲೇ, ನಾಲ್ಕು ಜನರ ಮುಂದೆ, ಪರಿಹಾರ ಬಂದರೆ ಯಾರಿಗೆಷ್ಟು ಎಂದು ಮಾತಾಡಿಕೊಳ್ಳಬಹುದು. ಹಿಂಗಾರಿ ಜೋಳದ ವಿಮೆಗೆ ರೈತನ ಕಂತು ವಿಮೆಯ ಮೊತ್ತದ ನೂರಕ್ಕೆ ಒಂದೂವರೆ. ಅದನ್ನು ಹೆಸರಿದ್ದವರೇ ತುಂಬಿ, ಬಂದದ್ದನ್ನು ಉತ್ತವನಿಗೆ ಮುಟ್ಟಿಸಬಹುದು.

ಇನ್ನೊಂದು ಗಂಟೂ ಇದೆ. ಬಹಳ ಹೊಲಗಳ ಉತಾರದಲ್ಲಿ ತೀರಿಹೋದ ಅಜ್ಜನ ಹೆಸರೇ ಕುಳಿತಿದೆ. ಅಣ್ಣ ಪುಣೆಯಲ್ಲಿ, ತಮ್ಮ ಹುಬ್ಬಳ್ಳಿಯಲ್ಲಿ, ಅಕ್ಕ ಸೊಲ್ಲಾಪುರದಲ್ಲಿ. ವಾರಸಾ ಹಚ್ಚುವ ಕೆಲಸ ಯಾರದೂ ಅಲ್ಲ. ಅಂಥ ಹೊಲಕ್ಕೆ ಪರಿಹಾರ ಒಡೆಯನಿಗೂ ಸುಲಭವಾಗಿ ಬಾರದು, ಉತ್ತವನಿಗೂ ಬಾರದು. ವಾರಸಾ ಹಚ್ಚುವಾಗ ಅಕ್ಕತಂಗಿಯರ ಹೆಸರನ್ನು ಬಿಡಬೇಡಿರಿ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂಬುದು 2005ರಿಂದ ದೇಶಕ್ಕೆಲ್ಲ ಅನ್ವಯಿಸುವ ಹಿಂದೂ ಉತ್ತರಾಧಿಕಾರದ ಕಾನೂನು. "ಅವಳಿಗೆ ಕುಬಸದ ಖಣ ಕೊಟ್ಟರಾಯಿತು" ಎಂಬ ಕಾಲ ಹೋಯಿತು.

ಮಾರುವದಾದರೆ? 2020ರ ತಿದ್ದುಪಡಿ ರೈತರಲ್ಲದವರೂ ಹೊಲ ಕೊಳ್ಳಲು ದಾರಿ ತೆರೆಯಿತು. ದೂರದವರು ಹೆಚ್ಚಿನ ಬೆಲೆಗೆ ಕೇಳುವರು. ಮಾರಬೇಡಿರೆಂದು ಹೇಳಲು ನಾವು ಯಾರು? ಮಕ್ಕಳ ಓದು, ಮನೆಯ ಸಾಲ ಎಲ್ಲರಿಗೂ ಇರುತ್ತವೆ. ಆದರೆ ಇಪ್ಪತ್ತು ವರ್ಷ ಆ ಎರೆಗೆ ಕುಂಟಿ ಹೊಡೆದವನನ್ನು ಮೊದಲು ಒಮ್ಮೆ ಕೇಳಿರಿ. ಅವನಲ್ಲಿ ಒಮ್ಮೆಲೇ ಕೊಡುವಷ್ಟು ಇರಲಿಕ್ಕಿಲ್ಲ. ಎರಡು ಮೂರು ಸುಗ್ಗಿಯಲ್ಲಿ ಕೊಡಬಲ್ಲನೇನೋ.

ಕರ್ನಾಟಕದಲ್ಲಿ 'ಭೂಮಿ' ಯೋಜನೆಯಡಿ ಪಹಣಿಗಳು ಗಣಕಯಂತ್ರಕ್ಕೆ ಏರಿ ಎರಡು ದಶಕಗಳೇ ಕಳೆದಿವೆ. ಸರ್ವೆ ನಂಬರು ಗೊತ್ತಿದ್ದರೆ ಪುಣೆಯಲ್ಲಿ ಕುಳಿತು ಮೊಬೈಲಿನಲ್ಲಿಯೇ ಉತಾರ ನೋಡಬಹುದು. ಸರ್ವೆ ನಂಬರು ಮರೆತವರು ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದಾಗ ಹಳೆಯ ಕಂದಾಯದ ಪಾವತಿಗಳನ್ನು ಹುಡುಕಿ ತರಬೇಕು. ಅಷ್ಟರೊಳಗೆ ನೋಡಬೇಕೆನ್ನುವ ಹಿರಿಯರಿಗಾಗಿ ಸಂಘದ ನಮ್ಮ ತರುಣರು ಬರುವ ಎರಡು ಭಾನುವಾರ ಮುಂಜಾನೆ ವಾಚನಾಲಯದಲ್ಲಿ ಕುಳಿತಿರುತ್ತಾರೆ; ಊರಿನ, ತಾಲೂಕಿನ ಹೆಸರನ್ನೂ ಸರ್ವೆ ನಂಬರನ್ನೂ ಚೀಟಿಯಲ್ಲಿ ಬರೆದುಕೊಂಡು ಬರಬೇಕು.